ನಾಲ್ಕನೆಯ ತಿಟ್ಟು

ರಾಮೇಶ್ವರದಲ್ಲಿ ಮೂರು ದಿನ ಇದ್ದೆ. ಇಪ್ಪತ್ತೆರಡು ತೀರ್ಥಗಳ ಸ್ನಾನ, ದೇವಸ್ಥಾನದ ಉದ್ದನೆಯ ಪ್ರಾಕಾರ, 2025ರಲ್ಲಿ ತೆರೆದ ಹೊಸ ಪಾಂಬನ್ ಸೇತುವೆಯ ಮೇಲೆ ರೈಲು ಪ್ರಯಾಣ ಎಲ್ಲವೂ ಆದವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಲು ಕುಳಿತಿರುವುದು ಜುಲೈ ತಿಂಗಳ ಒಂದು ಮಧ್ಯಾಹ್ನ ಧನುಷ್ಕೋಟಿಯಲ್ಲಿ ಮರಳು ಬಗೆದು ನೀರು ತುಂಬುತ್ತಿದ್ದ ಒಬ್ಬ ಹೆಂಗಸಿನ ಮಾತುಗಳಿಗಾಗಿ.

ಮೊದಲು ಆ ದಾರಿಯ ವಿಷಯ. 2017ರಲ್ಲಿ ಭೂಮಿಯ ತುದಿಯಾದ ಅರಿಚಲ್ ಮುನೈವರೆಗೂ ಡಾಂಬರು ರಸ್ತೆ ಬಂದಿದೆ. ಎಡಕ್ಕೊಂದು ಸಮುದ್ರ, ಬಲಕ್ಕೊಂದು ಸಮುದ್ರ. ಎಡಗಡೆಯ ಪಾಕ್ ಕೊಲ್ಲಿ ಇಲ್ಲಿನ ಮೀನುಗಾರರ ಮಾತಿನಲ್ಲಿ ಹೆಣ್ಣು ಕಡಲು, ಬಲಗಡೆಯ ಮನ್ನಾರ್ ಕೊಲ್ಲಿ ಗಂಡು ಕಡಲು. ಹೆಣ್ಣು ಕಡಲು ಕೆರೆಯಂತೆ ಮಲಗಿತ್ತು. ಗಂಡು ಕಡಲು ರಸ್ತೆ ಉಳಿಸಲೆಂದು ಪೇರಿಸಿದ ಕಲ್ಲುಗಳಿಗೆ ಅಪ್ಪಳಿಸಿ, ಡಾಂಬರಿನ ಮೇಲೆಲ್ಲ ಮರಳು ಎರಚಿತ್ತು. ಆ ಕಲ್ಲಿನ ತಡೆಯನ್ನು ನೋಡಿದರೆ ಎಷ್ಟು ದಿನದ ಮಾತು ಎನಿಸುತ್ತದೆ. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತದಲ್ಲಿ ಇದೇ ಕಡಲು ಇಡೀ ಊರನ್ನೂ, ಪಾಂಬನ್ನಿನಿಂದ ಬರುತ್ತಿದ್ದ ರೈಲನ್ನೂ ಅದರಲ್ಲಿದ್ದವರ ಸಮೇತ ನುಂಗಿತ್ತು. ಇನ್ನು ಇಲ್ಲಿ ಮನುಷ್ಯರು ವಾಸಿಸಕೂಡದು ಎಂದು ಸರ್ಕಾರ ಆಗ ಸಾರಿತು. ಮುರಿದು ನಿಂತ ಇಗರ್ಜಿಯ ಗೋಡೆಗಳು ಇನ್ನೂ ಇವೆ. ಅವುಗಳಿಗೆ ಒರಗಿ ನಗುತ್ತ ಫೋಟೊ ತೆಗೆಸಿಕೊಳ್ಳುವವರ ಸಾಲು ನನಗೆ ಹಿಡಿಸಲಿಲ್ಲ. ಅಷ್ಟು ಜನ ಸತ್ತ ಜಾಗ ಅದು.

ಬಾಡಿಗೆ ವ್ಯಾನಿನ ಚಾಲಕ ಇಗರ್ಜಿಯ ಬಳಿ ನನ್ನನ್ನು ಇಳಿಸಿ, ‘ಫೋನ್ ಮಾಡಿ, ಬರುತ್ತೇನೆ’ ಎಂದು ಹೋದ. ಫೋನ್ ಮಾಡಿದರೆ ಕರೆ ಹೋಗಲೇ ಇಲ್ಲ. ಮೊಬೈಲ್ ನಮ್ಮ ಜಾಲ ಬಿಟ್ಟು ಶ್ರೀಲಂಕಾದ ಜಾಲ ಹಿಡಿದುಕೊಂಡಿತ್ತು. ಒಂದೂವರೆ ಗಂಟೆ ಬಿಸಿಲಿನಲ್ಲಿ ನಿಂತ ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಹೋಗುವವರು ದಯವಿಟ್ಟು ಫೋನನ್ನು ನಂಬಬೇಡಿ. ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ಚಾಲಕನ ಜೊತೆ ಮೊದಲೇ ಮಾತಾಡಿಕೊಳ್ಳಿ. ಸಂಜೆಯಾಗುತ್ತಿದ್ದಂತೆ ಪೊಲೀಸರು ಎಲ್ಲರನ್ನೂ ವಾಪಸ್ ಕಳಿಸುತ್ತಾರೆ.

ನೆರಳು ಹುಡುಕುತ್ತ ಹಳೆಯ ರೈಲು ನಿಲ್ದಾಣದ ಹಿಂದೆ ಹೋದೆ. ಅಲ್ಲಿ ತಾಳೆಗರಿಯ ಗುಡಿಸಲುಗಳಿವೆ. ಸುಮಾರು ಅರವತ್ತು ವರ್ಷದ ಹೆಂಗಸೊಬ್ಬರು ಮೊಣಕಾಲಾಳದ ಮರಳಿನ ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಗುಂಡಿಯ ತಳದಲ್ಲಿ ಅಂಗೈಯಗಲ ನೀರು. ತೆಂಗಿನ ಚಿಪ್ಪಿನಿಂದ ಅದನ್ನು ಗೋರಿ, ಕೊಡದ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಸುರಿಯುವುದು, ಮತ್ತೆ ನೀರು ಒಸರುವವರೆಗೆ ಕಾಯುವುದು. ಎರಡೂ ಕಡೆ ಕಡಲು ಇರುವ ಈ ಪಟ್ಟಿಯಲ್ಲಿ ಸಿಹಿನೀರು ಎಲ್ಲಿಂದ ಎಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಮರಳಿಗೆ ಇಳಿದ ಮಳೆನೀರು ಉಪ್ಪುನೀರಿನ ಮೇಲೆ ಹಗುರವಾಗಿ ಕುಳಿತಿರುತ್ತದೆ. ‘ಅವಸರ ಮಾಡಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ತಂಬಿ’ ಎಂದು ಒಂದು ಚಿಪ್ಪು ನೀರು ಕೊಟ್ಟರು. ಕುಡಿದೆ, ನಿಜಕ್ಕೂ ಸಿಹಿಯಾಗಿತ್ತು.

ನನ್ನ ಫೋನಿನ ಕಥೆ ಹೇಳಿದಾಗ ಅವರು ತಲೆಯೆತ್ತಿ ನೋಡಿದರು. ‘ಹಾಗಾದರೆ ಅದು ಆಗಲೇ ಆಚೆ ದಡ ಸೇರಿದೆ. ಅದನ್ನು ಯಾರೂ ಹಿಡಿಯುವುದಿಲ್ಲ.’

ಆಚೆ ದಡವೆಂದರೆ ತಲೈಮನ್ನಾರ್, ಸುಮಾರು 30 ಕಿ.ಮೀ. ನಡುವೆ ಮರಳಿನ ದಿಬ್ಬಗಳ ಸಾಲು, ನಾವು ರಾಮಸೇತು ಎನ್ನುವುದು. ಅವರ ಮಾತಿನಲ್ಲಿ ಅವು ತಿಟ್ಟುಗಳು. ನಮ್ಮ ಹಳ್ಳಿಗಳ ಮಣ್ಣಿನ ತಿಟ್ಟಿನ ಪದವೇ ಅಲ್ಲಿ ಕಡಲಿನ ಮಧ್ಯೆ ಸಿಕ್ಕಾಗ ಮೈ ಜುಮ್ಮೆಂದಿತು. ಒಂದನೆಯ ತಿಟ್ಟು, ಎರಡನೆಯ ತಿಟ್ಟು ಎಂದು ಈ ಕಡೆಯಿಂದ ಎಣಿಸುತ್ತಾರೆ. ನೀರಿಗೆ ಅಷ್ಟು ಆಳವಿಲ್ಲದಿರುವುದರಿಂದ ದೊಡ್ಡ ಹಡಗು ಇಲ್ಲಿ ದಾಟುವಂತಿಲ್ಲ. ಸಣ್ಣ ದೋಣಿ ಬರುತ್ತದೆ.

‘ಅಕ್ಕಾ, ಆ ಕಡೆಯಿಂದ ಬರುವವರನ್ನು ನೀವು ನೋಡಿದ್ದೀರಾ?’

ಕೂಡಲೇ ಉತ್ತರ ಬರಲಿಲ್ಲ. ಇನ್ನೆರಡು ಚಿಪ್ಪು ಸುರಿದ ಮೇಲೆ ಮಾತು ಶುರುವಾಯಿತು. ಶ್ರೀಲಂಕಾದಲ್ಲಿ ಹಾಲಿನ ಪುಡಿಗೂ ಸೀಮೆಎಣ್ಣೆಗೂ ಜನ ಸಾಲು ನಿಂತ 2022ರ ಕಾಲವದು. ಮಾರ್ಚ್ 22ರಂದು ಒಂದೇ ದಿನ ಹದಿನಾರು ಮಂದಿ ಈ ಕಡೆ ಬಂದಿದ್ದರು. ಅವರಲ್ಲಿ ಆರು ಮಂದಿ ನಾಲ್ಕನೆಯ ತಿಟ್ಟಿನಲ್ಲಿ ಸಿಕ್ಕರು, ನಾಲ್ಕು ತಿಂಗಳ ಕೂಸು ಸೇರಿ. ಇದನ್ನು ಆಗ ಪತ್ರಿಕೆಯಲ್ಲಿ ಓದಿದ್ದೆ. ಕರಾವಳಿ ಕಾವಲು ಪಡೆಯ ಹೋವರ್‌ಕ್ರಾಫ್ಟ್ ಹೋಗಿ ಅವರನ್ನು ಕರೆತಂದಿತು. ಓದದೇ ಇದ್ದದ್ದನ್ನು ಅಕ್ಕ ಹೇಳಿದರು. ಈ ದಡಕ್ಕೆ ಬಂದರೆ ಸೆರೆಯಾಗುವ ಭಯದಲ್ಲಿ ದೋಣಿಯವರು ಕತ್ತಲಲ್ಲೇ ತಿಟ್ಟಿನ ಮೇಲೆ ಇಳಿಸಿ, ಇದೇ ಇಂಡಿಯಾ, ನಡೆದರೆ ಊರು ಸಿಗುತ್ತದೆ ಎಂದು ಹೇಳಿ ಹೊರಟುಬಿಡುತ್ತಾರೆ. ಬೆಳಕು ಹರಿದಾಗ ನಾಲ್ಕೂ ಕಡೆ ನೀರು.

‘ಒಂದು ಸಲ ಒಬ್ಬಳು ಎರಡು ಮಕ್ಕಳ ಜೊತೆ ಇಲ್ಲಿಯವರೆಗೂ ಬಂದುಬಿಟ್ಟಿದ್ದಳು. ನಿನಗೆ ಕೊಟ್ಟೆನಲ್ಲ, ಇದೇ ನೀರು ಕೊಟ್ಟೆ. ಮಕ್ಕಳು ಕುಡಿದವು, ಅವಳು ಕುಡಿಯಲಿಲ್ಲ. ಪೊಲೀಸರಿಗೆ ಹೇಳುತ್ತೀರಾ ಎಂದು ಕೇಳಿದಳು.’

‘ನೀವು ಏನು ಹೇಳಿದಿರಿ?’

‘ಹೇಳಿ ಕಳಿಸಿದ್ದಾಗಿತ್ತು. ಮಗ ಹೋಗಿದ್ದ. ಹೇಳದಿದ್ದರೆ ನಮ್ಮ ದೋಣಿ ಹೋಗುತ್ತದೆ, ಕೇಸು ಬೀಳುತ್ತದೆ. ಅವಳಿಗೆ ಇಲ್ಲ ಎಂದೆ. ಸುಳ್ಳು ಹೇಳಿದೆ, ತಂಬಿ. ಆಮೇಲೆ ಅವಳು ನೀರು ಕುಡಿದಳು.’

ಏನು ಹೇಳಬೇಕೋ ತೋಚದೆ, ಆ ತಾಯಿ ಮಕ್ಕಳನ್ನು ಮಂಡಪಂನ ನಿರಾಶ್ರಿತರ ಶಿಬಿರಕ್ಕೆ ಕಳಿಸಿರುತ್ತಾರೆ, ಜೀವಕ್ಕೇನೂ ಭಯವಿಲ್ಲ ಎಂದೆ. ನನಗೂ ಅದು ಅರ್ಧ ಮಾತು ಎಂದು ಗೊತ್ತಿತ್ತು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕಾಗದವಿಲ್ಲದೆ ದೋಣಿಯಲ್ಲಿ ಬಂದವರು ಕಾನೂನಿನ ಕಣ್ಣಿಗೆ ಅಕ್ರಮ ವಲಸಿಗರು. ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ 1983ರ ಗಲಭೆಯ ನಂತರ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ತಮಿಳುನಾಡಿನ ಶಿಬಿರಗಳಲ್ಲಿದ್ದಾರೆ. 2021ರಲ್ಲಿ ರಾಜ್ಯ ಸರ್ಕಾರ ಅವುಗಳಿಗೆ ‘ಮರುವಾಳ್ವು ಮುಗಾಂ’, ಅಂದರೆ ಪುನರ್ವಸತಿ ಶಿಬಿರ ಎಂದು ಹೆಸರಿಟ್ಟಿತು. ಒಳ್ಳೆಯ ಹೆಸರು, ನಿಜ. ಪೌರತ್ವವಂತೂ ಹೆಸರಿನ ಜೊತೆ ಬರಲಿಲ್ಲ.

ಕಾನೂನಿಗೆ ಅವರು ಅಕ್ರಮ ಎಂದು ಅಕ್ಕನಿಗೂ ಹೇಳಿದೆ. ಆ ಪದಕ್ಕೆ ಅಕ್ಕ ನಿಧಾನವಾಗಿ ತಲೆಯಾಡಿಸಿದರು. ‘ನಾವೂ ಇಲ್ಲಿ ಇರಬಾರದವರೇ. ಸರ್ಕಾರ ಆವತ್ತೇ ಹೇಳಿದೆ. ನಮ್ಮ ಅಪ್ಪ ಇಲ್ಲಿನ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ಆಗ ಜನ ರೈಲಿನಿಂದ ಇಳಿದು ಹಡಗು ಹತ್ತುತ್ತಿದ್ದರು, ಹೋಗುತ್ತಿದ್ದರು, ಬರುತ್ತಿದ್ದರು.’

ಅದು ಬೋಟ್ ಮೇಲ್, ಹಡಗಿಗೆ ಜೋಡಿಸಿದ ರೈಲು. 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ಮದರಾಸಿನಲ್ಲಿ ಕೊಂಡ ಟಿಕೆಟ್‌ನಲ್ಲೇ ಕೊಲಂಬೊ ಮುಟ್ಟಬಹುದಿತ್ತು. ನಾವು ಮಾತಾಡುತ್ತಿದ್ದ ನಿಲ್ದಾಣವೇ ಆ ದಾರಿಯ ತುದಿ. ಅದರ ಗೋಡೆಯ ಬಿರುಕಿನಲ್ಲಿ ಈಗ ಬಲೆಯ ಹಗ್ಗ ಸಿಕ್ಕಿಸಿದ್ದರು.

ಕೊಡ ತುಂಬಿತು. ಅವರು ಗುಂಡಿಯ ಮೇಲೆ ತಾಳೆಗರಿ ಮುಚ್ಚಿ ಸೊಂಟಕ್ಕೆ ಕೈಕೊಟ್ಟು ಎದ್ದರು. ಸೆರಗು ಪಟಪಟನೆ ಹೊಡೆದುಕೊಳ್ಳುತ್ತಿತ್ತು. ‘ಕಚ್ಚಾನ್ ಗಾಳಿ,’ ಎಂದರು. ‘ಇದು ಬೀಸುವಷ್ಟು ಹೊತ್ತು ಯಾರೂ ಬರುವುದಿಲ್ಲ. ರಾತ್ರಿ ಗಾಳಿ ನಿಂತರೆ ಮಾತ್ರ ನನಗೆ ನಿದ್ದೆ ಬರುವುದಿಲ್ಲ.’

ವ್ಯಾನು ಬಂದಾಗ ಪೊಲೀಸರು ಸೀಟಿ ಊದುತ್ತಿದ್ದರು. ಚಾಲಕನ ಜೊತೆ ಜಗಳವಾಡುವ ಮನಸ್ಸಾಗಲಿಲ್ಲ. ರಾಮೇಶ್ವರಕ್ಕೆ ಬಂದು ಮಲಗಿದೆ. ಕೋಣೆಯ ಕಿಟಕಿ ಇಡೀ ಸಂಜೆ ಗಾಳಿಗೆ ಗಡಗಡ ಎನ್ನುತ್ತಿತ್ತು. ಎರಡು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಏಕೆಂದು ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಕಿಟಕಿ ಸದ್ದು ಮಾಡುತ್ತಿರಲಿಲ್ಲ.