ಟಿಬಿಲಿಸಿಯಲ್ಲಿ ಇಪ್ಪತ್ತೈದನೇ ವರ್ಷದ ಊಟ

ಮೇ ತಿಂಗಳಲ್ಲಿ ಮದುವೆಯಾದವರ ಪಾಡು ಏನು ಅಂತ ರಾಯಚೂರಿನವರನ್ನು ಕೇಳಬೇಕು. ಹೊರಗೆ 42, 43 ಡಿಗ್ರಿ ಬಿಸಿಲು. ಊರಿನ ಕಲ್ಯಾಣ ಮಂಟಪಗಳೆಲ್ಲ ಭರ್ತಿ. ನಮ್ಮ ವಾರ್ಷಿಕೋತ್ಸವದ ದಿನ ಯಾರದಾದರೂ ಮದುವೆ ಇದ್ದೇ ಇರುತ್ತದೆ, ಹೋಗಿ ಅಕ್ಷತೆ ಹಾಕಿ, ಅಲ್ಲೇ ಊಟ ಮಾಡಿ, ಮನೆಗೆ ಬಂದು ಕೂಲರ್ ಮುಂದೆ ಮಲಗಿದರೆ ನಮ್ಮ ಆಚರಣೆ ಮುಗಿಯಿತು. ಇಪ್ಪತ್ತೈದನೇ ವರ್ಷಕ್ಕಾದರೂ ಇದು ಬೇಡ ಅಂತ ನಾನೇ ಹಟ ಹಿಡಿದೆ.

ಜಾರ್ಜಿಯಾಕ್ಕೆ ಹೋಗಿದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಅಕ್ಕನ ಮಗ ಅಲ್ಲಿನ ರಾಜಧಾನಿ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ನಮ್ಮ ದೇಶದ ಸಾವಿರಾರು ಮಕ್ಕಳು ಅಲ್ಲಿ ಮೆಡಿಕಲ್ ಓದುತ್ತಾರೆ. ಅಕ್ಕ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಸಜ್ಜೆಯ ಕಡಕ್ ರೊಟ್ಟಿ ಅವನಿಗೆ ಮುಟ್ಟಿಸುವ ಕೆಲಸವೂ ನಮ್ಮ ಮೇಲಿತ್ತು. ಇ-ವೀಸಾ ಮೊದಲೇ ಮಾಡಿಸಿಕೊಂಡೆವು. ರಾಯಚೂರಿನಿಂದ ಹೈದರಾಬಾದ್, ಅಲ್ಲಿಂದ ಶಾರ್ಜಾ, ಅಲ್ಲಿಂದ ಟಿಬಿಲಿಸಿ. ವಿಮಾನದ ಕಥೆ ಬಿಡಿ, ಎಲ್ಲರದ್ದೂ ಒಂದೇ.

ಊರು ಚೆಂದ ಇದೆ. ನಡುವೆ ನದಿ, ಎರಡೂ ಕಡೆ ಗುಡ್ಡ. ಒಂದು ಗುಡ್ಡದ ಮೇಲೆ ನರಿಕಾಲಾ ಕೋಟೆ, ಅದರ ಬುಡದಲ್ಲಿ ಗಂಧಕದ ಬಿಸಿನೀರಿನ ಸ್ನಾನದ ಮನೆಗಳು, ಇಟ್ಟಿಗೆಯ ಗುಮ್ಮಟದವು. ನಮ್ಮನೆಯವರಿಗೆ ಎಲ್ಲಿ ಕೋಟೆ ಕಂಡರೂ ರಾಯಚೂರು ಕೋಟೆ ನೆನಪಾಗುತ್ತದೆ. ನಮ್ಮ ಕೋಟೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ಶಾಸನ ಇದೆ ಅಂತ ಅಕ್ಕನ ಮಗನ ರೂಮ್‌ಮೇಟ್‌ಗೆ ಹಿಂದಿಯಲ್ಲಿ ಬಹಳ ಹೊತ್ತು ವಿವರಿಸಿದರು. ಪಾಪ, ಪಂಜಾಬಿನ ಹುಡುಗ, ತಲೆ ಅಲ್ಲಾಡಿಸುತ್ತಾ ನಿಂತಿದ್ದ.

ಊಟದ ಜಾಗ ಹುಡುಕೋದು ಮಾತ್ರ ಸುಲಭದ ಕೆಲಸ ಆಗಿರಲಿಲ್ಲ. ನಾವು ಮಾಂಸ ತಿನ್ನೋದಿಲ್ಲ. ಮೊಟ್ಟೆ ಕಣ್ಣಿಗೆ ಕಾಣಬಾರದು, ಕೇಕಿನೊಳಗೆ ಇದ್ದರೆ ಅದು ನಮ್ಮ ಲೆಕ್ಕಕ್ಕಿಲ್ಲ. ಕುಡಿಯೋದೂ ಇಲ್ಲ. ಜಾರ್ಜಿಯಾ ಅಂದರೆ ವೈನ್. ದೊಡ್ಡ ಮಣ್ಣಿನ ಹಂಡೆಗಳನ್ನು ನೆಲದಲ್ಲಿ ಹೂತು, ಅದರಲ್ಲಿ ದ್ರಾಕ್ಷಿ ರಸ ಹುಳಿಬರಿಸುವ ಅವರ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿದೆ. ಅಂಥ ದೇಶದಲ್ಲಿ ವೈನ್ ಬೇಡ, ಮಾಂಸ ಬೇಡ, ಆದರೆ ಊಟ ನೆನಪಿಡುವಂತಿರಬೇಕು ಅಂದರೆ ಯಾರು ತಾನೇ ನಗೋದಿಲ್ಲ?

"ಇಲ್ಲಿ ಇಂಡಿಯನ್ ಹೋಟೆಲ್ ಇದ್ದೇ ಇರ್ತಾವ. ಅಲ್ಲೇ ಹೋಗೋಣ, ತಲಿಬ್ಯಾನಿ ಇಲ್ಲ" ಅಂದರು ನಮ್ಮನೆಯವರು. ಹೌದು, ಇವೆ. ವಿದ್ಯಾರ್ಥಿಗಳಿರುವ ಕಡೆ ಸಾಕಷ್ಟಿವೆ. ಆದರೆ ಪನೀರ್ ಬಟರ್ ಮಸಾಲಾ ತಿನ್ನೋಕೆ ಇಷ್ಟು ದೂರ ಬರಬೇಕಾ? ಅದನ್ನು ನಮ್ಮೂರಿನ ಸ್ಟೇಷನ್ ರೋಡಿನಲ್ಲೇ ಕೊಡುತ್ತಾರೆ. "ರೀ, ಇವತ್ತು ನೀವು ಹೇಳಿದಲ್ಲಿ ತಿನ್ನೋಣ, ಆ ದಿನ ನಾನು ಹೇಳಿದಲ್ಲಿ" ಅಂತ ಒಪ್ಪಂದ ಮಾಡಿಕೊಂಡೆ.

ಅಕ್ಕನ ಮಗ ಸುಮ್ನೆ ಕೂರುವವನಲ್ಲ. ಫೋನ್ ತೆಗೆದು ಒಂದೊಂದೇ ತೋರಿಸಿದ. ಹಳೇ ಊರಿನಲ್ಲಿ ನದಿ ಕಾಣುವ ಬಾಲ್ಕನಿ ಇರುವವು ಇದ್ದವು. ಕುಣಿತ, ಹಾಡು ಎಲ್ಲ ಇಟ್ಟು ಟೂರಿಸ್ಟ್ ಬಸ್ಸುಗಳನ್ನೇ ಕಾಯುವ ದೊಡ್ಡ ಹಾಲ್‌ಗಳಿದ್ದವು. ದೊಡ್ಡ ತಟ್ಟೆಯ ಮಧ್ಯದಲ್ಲಿ ಒಂದು ಎಲೆ ಇಟ್ಟು ಕೊಡುವವೂ ಇದ್ದವು. "ಚಿಗವ್ವ, ನಿಂಗೆ ವ್ಯೂ ಬೇಕೋ, ಊಟ ಬೇಕೋ ಅದನ್ನ ಮೊದ್ಲು ಹೇಳು. ಎರಡೂ ಒಂದೇ ಕಡಿ ಕೇಳಿದ್ರ ರೊಕ್ಕ ವ್ಯೂಗೆ ಹೋಗ್ತದ" ಅಂದ. ಈ ಮಾತು ಎಷ್ಟು ಸರಿ ಅಂತ ಎರಡು ದಿನ ಮೊದಲೇ ನಮಗೆ ಗೊತ್ತಾಗಿತ್ತು. ಸ್ನಾನದ ಮನೆಗಳ ಹತ್ತಿರ ಒಂದು ರೆಸ್ಟೋರೆಂಟ್ ಬಾಗಿಲಲ್ಲಿ ಮೆನು ಹಿಡಿದು ನಿಂತವನು "ವೆಜಿಟೇರಿಯನ್? ಯೆಸ್, ಯೆಸ್!" ಅಂತ ಒಳಗೆ ಕೂರಿಸಿದ. ಕಿಟಕಿಯ ಹೊರಗೆ ಕೋಟೆಗೆ ದೀಪ ಹಾಕಿದ್ದರು, ನೋಟಕ್ಕೆ ಎರಡು ಮಾತಿಲ್ಲ. ಬೀನ್ಸ್ ತುಂಬಿದ ರೊಟ್ಟಿ ಹೇಳಿದೆವು. ಮುರಿದರೆ ಒಳಗೆ ಮಾಂಸದ ಚೂರು. ಕೇಳಿದರೆ "ಲಿಟಲ್, ಲಿಟಲ್" ಅಂತ ಬೆರಳು ತೋರಿಸಿದ. ಸ್ವಲ್ಪವೇ ಅಂತೆ! ಆಮೇಲೆ ತಿಳಿಯಿತು, ಲೋಬಿಯಾನಿ ಅನ್ನೋ ಆ ರೊಟ್ಟಿಯನ್ನು ರಾಚಾ ಪ್ರಾಂತ್ಯದ ರೀತಿಯಲ್ಲಿ ಮಾಡಿದರೆ ಹಂದಿ ಮಾಂಸ ಹಾಕುತ್ತಾರೆ. ಸಾದಾದಲ್ಲಿ ಬೀನ್ಸ್ ಮಾತ್ರ. ಆ ರಾತ್ರಿ ರೂಮಿಗೆ ಬಂದು ಅಕ್ಕನ ಸಜ್ಜೆ ರೊಟ್ಟಿಯ ಡಬ್ಬಿಗೆ ಕೈ ಹಾಕಿದೆವು.

ಆ ಘಟನೆ ಆದ ಮೇಲೆ ಹುಡುಗ ಒಂದು ಪದ ಕಲಿಸಿದ, ಸಮರ್ಖ್ವೊ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವ್ರತದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟೋದಿಲ್ಲ. ಈಸ್ಟರ್‌ಗೆ ಮುಂಚಿನ ದೊಡ್ಡ ವ್ರತ ಅಲ್ಲದೆ ವಾರದಲ್ಲಿ ಬುಧವಾರ, ಶುಕ್ರವಾರವೂ ಕಟ್ಟುನಿಟ್ಟಾಗಿ ಮಾಡುವವರಿದ್ದಾರೆ. ಆ ವ್ರತದ ಅಡುಗೆಗೆ ಸಮರ್ಖ್ವೊ ಅನ್ನುತ್ತಾರೆ. ವೆಜಿಟೇರಿಯನ್ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ, ಕೆಲವರ ಲೆಕ್ಕದಲ್ಲಿ ಕೋಳಿ ಸೂಪೂ ವೆಜ್. ಸಮರ್ಖ್ವೊ ಅಂದರೆ ಅಡುಗೆಮನೆಯ ಅಜ್ಜಿಗೂ ತಟ್ಟನೆ ತಿಳಿಯುತ್ತದೆ. ಹಾಲು, ಚೀಸ್ ನಡೆಯುತ್ತದೆ ಅನ್ನೋದಾದರೆ ಅದನ್ನು ಬೇರೆಯಾಗಿ ಹೇಳಬೇಕು.

ಈ ವ್ರತದ ಪುಣ್ಯದಿಂದಲೇ ಇರಬೇಕು, ಅವರ ಸಸ್ಯಾಹಾರ ಇಷ್ಟು ಬೆಳೆದಿರೋದು. ಬದನೆಕಾಯನ್ನು ಉದ್ದಕ್ಕೆ ತೆಳ್ಳಗೆ ಕತ್ತರಿಸಿ ಎಣ್ಣೆಯಲ್ಲಿ ಬಾಡಿಸಿ, ಅದರೊಳಗೆ ವಾಲ್ನಟ್, ಬೆಳ್ಳುಳ್ಳಿ ಅರೆದ ಮಸಾಲೆ ಸವರಿ ಸುರುಳಿ ಸುತ್ತುತ್ತಾರೆ, ಮೇಲೆ ದಾಳಿಂಬೆ ಕಾಳು. ಹೆಸರು ಬದ್ರಿಜಾನಿ. ಪಾಲಕ್, ಬೀಟ್‌ರೂಟ್ ಎಲ್ಲವನ್ನೂ ಇದೇ ವಾಲ್ನಟ್ ಜೊತೆ ಅರೆದು ಉಂಡೆ ಕಟ್ಟಿದರೆ ಫಖಾಲಿ. ವಾಲ್ನಟ್ ಮಸಾಲೆಗೆ ಅವರು ಒಣಗಿಸಿದ ಚೆಂಡು ಹೂವಿನ ಎಸಳಿನ ಪುಡಿಯನ್ನೂ ಹಾಕುತ್ತಾರೆ. ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವು! ನಂಬದೆ ಮಾರ್ಕೆಟ್ಟಿನಲ್ಲಿ ಪುಡಿ ಮೂಸಿ ನೋಡಿದೆ, ಹೌದು, ಅದೇ ವಾಸನೆ. ಮೆಂತ್ಯದ ಜಾತಿಯದ್ದೇ ಇನ್ನೊಂದು ಗಿಡದ ಬೀಜವೂ ಬೀಳುತ್ತದೆ, ಆದರೆ ಕಹಿ ಕಡಿಮೆ. ಮಣ್ಣಿನ ಕುಡಿಕೆಯಲ್ಲಿ ಕೊತ್ತಂಬರಿ ಹಾಕಿ ಬೇಯಿಸಿದ ಕೆಂಪು ಬೀನ್ಸ್ ಲೋಬಿಯೊ, ಅದರ ಜೊತೆ ಮೆಕ್ಕೆಜೋಳದ ದಪ್ಪ ರೊಟ್ಟಿ ಮ್ಚಾದಿ. ಎಲ್ಲದಕ್ಕಿಂತ ಮೇಲೆ ಅಜಿಕಾ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರೆದು ಇಟ್ಟದ್ದು, ನಮ್ಮ ರಂಜಕದ ಅಕ್ಕನೋ ತಂಗಿಯೋ ಅನ್ನಬೇಕು. ಅದನ್ನು ಮೊದಲ ಸಲ ರೊಟ್ಟಿಗೆ ಹಚ್ಚಿಕೊಂಡ ಕ್ಷಣದಿಂದ ನಮ್ಮನೆಯವರು ಇಂಡಿಯನ್ ಹೋಟೆಲ್ ಅನ್ನೋ ಮಾತು ಎತ್ತಲಿಲ್ಲ.

ಚೀಸ್ ತುಂಬಿದ ಖಾಚಪುರಿ ಎಲ್ಲರಿಗೂ ಗೊತ್ತಿರುತ್ತದೆ. ದೋಣಿ ಆಕಾರದ್ದರ ಮೇಲೆ ಹಸಿ ಮೊಟ್ಟೆ ಒಡೆದು ಹಾಕುತ್ತಾರೆ, ಅದು ಅಜಾರಾ ಕಡೆಯದು. ದುಂಡಗಿನ ಇಮೆರುಲಿ ಹೇಳಿದರೆ ಮೇಲೆ ಮೊಟ್ಟೆಯ ತಾಪತ್ರಯ ಇಲ್ಲ. ಒಂದನ್ನು ಇಬ್ಬರು ತಿಂದರೂ ಹೊಟ್ಟೆ ಬಿರಿಯುತ್ತದೆ.

ಕೊನೆಗೆ ನಾನು ಆರಿಸಿದ್ದು ಬಾರ್ಬರೆಸ್ತಾನ್. ಅಘ್ಮಶೆನೆಬೆಲಿ ಅವೆನ್ಯೂನಲ್ಲಿದೆ, ಒಂದು ಕುಟುಂಬ ನಡೆಸುತ್ತದೆ. ನನ್ನನ್ನು ಎಳೆದದ್ದು ಅದರ ಹಿಂದಿನ ಹೆಂಗಸಿನ ಕಥೆ. ಬಾರ್ಬರೆ ಜೊರ್ಜಾದ್ಜೆ ಅಂತ, 1833ರಲ್ಲಿ ಹುಟ್ಟಿದವಳು. ಹನ್ನೆರಡನೇ ವಯಸ್ಸಿಗೇ ಮದುವೆ. ಮುಂದೆ ಕವಿತೆ, ಲೇಖನ ಬರೆದು ಹೆಂಗಸರ ಹಕ್ಕಿನ ಬಗ್ಗೆ ಗಂಡಸರ ಜೊತೆ ಪತ್ರಿಕೆಯಲ್ಲೇ ವಾದಕ್ಕೆ ನಿಂತಳು. 1874ರಲ್ಲಿ ಅವಳು ತಂದ ಅಡುಗೆ ಪುಸ್ತಕದಲ್ಲಿ 800ಕ್ಕೂ ಹೆಚ್ಚು ಅಡುಗೆಗಳಿವೆ. ಆ ಪುಸ್ತಕವನ್ನು ಇಟ್ಟುಕೊಂಡು, ಋತು ಬದಲಾದ ಹಾಗೆ ಮೆನು ಬದಲಿಸುತ್ತಾ ಈ ರೆಸ್ಟೋರೆಂಟ್ ನಡೆಯುತ್ತಿದೆ. ಹನ್ನೆರಡಕ್ಕೆ ಮದುವೆಯಾದವಳ ಅಡುಗೆಯನ್ನು ಮದುವೆಯ ದಿನ ತಿನ್ನೋದು ವಿಚಿತ್ರ ಅನಿಸಬಹುದು. ನನಗೆ ಅದೇ ಇಷ್ಟವಾಯಿತು. ಅಡುಗೆಮನೆಗೆ ಕಳಿಸಿದವರಿಗೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳಲ್ಲ!

ಅಲ್ಲಿಗೆ ಹುಡುಗನ ಕೈಲಿ ಮೊದಲೇ ಫೋನ್ ಮಾಡಿಸಿದೆ. ಇದನ್ನು ಯಾರಾದರೂ ಮಾಡಲೇಬೇಕು, ಸುಮ್ನೆ ಆನ್‌ಲೈನ್‌ನಲ್ಲಿ ಟೇಬಲ್ ಒತ್ತಿ ಬಿಟ್ಟರೆ ಆಗೋದಿಲ್ಲ. ಇಬ್ಬರಿಗೂ ಮಾಂಸ, ಮೀನು ಬೇಡ, ಚೀಸ್ ನಡೆಯುತ್ತದೆ, ಮದುವೆಯಾಗಿ ಇಪ್ಪತ್ತೈದು ವರ್ಷ, ಸಂಜೆ ಆರಕ್ಕೆ ಬರುತ್ತೇವೆ, ಬಾಗಿಲ ಹತ್ತಿರ ಬೇಡ. ಆರು ಗಂಟೆ ಯಾಕೆ ಅಂದರೆ ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗೋದು ಎಂಟರ ಮೇಲೆ. ಊಟ ಮುಗಿಸಿ ನೋಟಕ್ಕೆ ಬೇರೆ ಕಡೆ ಹೋಗಬೇಕು ಅನ್ನೋದು ನನ್ನ ಪ್ಲಾನ್. ಆ ಹೊತ್ತಿಗೆ ಗದ್ದಲವೂ ಕಡಿಮೆ, ಬಡಿಸುವವರಿಗೆ ನಮ್ಮ ಜೊತೆ ಮಾತಾಡಲು ಪುರುಸೊತ್ತೂ ಇರುತ್ತದೆ.

"ನೀನೂ ಬಾರಪ್ಪ" ಅಂತ ನಮ್ಮನೆಯವರು ಹುಡುಗನನ್ನು ಕರೆದರು. "ಕಾಕಾ, ನಿಮ್ಮ ಆನಿವರ್ಸರಿಗೆ ನಾ ಯಾಕ? ಊಟ ಆದ್ಮ್ಯಾಲ ಗುಡ್ಡದ ಮ್ಯಾಲ ಬರ್ತೀನಿ" ಅಂತ ತಪ್ಪಿಸಿಕೊಂಡ. ಜಾಣ.

ನಾನು ಇಳಕಲ್ ಸೀರೆ ಉಟ್ಟಿದ್ದೆ. ಹಳೇ ಇಟ್ಟಿಗೆಯ ಗೋಡೆ, ಹಳೇ ಕಾಲದ ಪಿಂಗಾಣಿ ತಟ್ಟೆಗಳು, ಒಂದು ಮನೆಗೆ ಹೋಗಿ ಕೂತ ಹಾಗೆ ಇತ್ತು. ಬಡಿಸಲು ಬಂದ ಹುಡುಗಿ ಮೆನು ಕೊಡುವ ಮೊದಲೇ ಯಾವುದು ನಿಮಗೆ ಆಗುತ್ತದೆ, ಯಾವುದು ಆಗೋದಿಲ್ಲ ಅಂತ ಬೆರಳಿಟ್ಟು ಹೇಳಿದಳು. ಫೋನ್ ಮಾಡಿದ್ದು ದಂಡವಾಗಲಿಲ್ಲ. ವೈನ್ ಬೇಡ ಅಂದಾಗ ಅವಳ ಮುಖ ಏನೂ ಬದಲಾಗಲಿಲ್ಲ, ಹಸಿರು ಬಣ್ಣದ ತರ್ಖೂನಾ ನಿಂಬೆ ಸೋಡಾ ತಂದಳು. ಟ್ಯಾರಗನ್ ಅನ್ನೋ ಸೊಪ್ಪಿನದು, ಒಂಥರಾ ಸೋಂಪಿನ ರುಚಿ. ಇಂಥ ಸಿರಪ್ ಸೋಡಾಗಳನ್ನು ಮಾಡಿ ಹೆಸರಾದ ಲಗಿದ್ಜೆ ಅನ್ನೋರು 1887ರಲ್ಲಿ ಕುತೈಸಿ ಊರಿನಲ್ಲಿ ಶುರು ಮಾಡಿದ್ದಂತೆ. ಅವತ್ತು ತಿಂದದ್ದರಲ್ಲಿ ಅಣಬೆಯ ಒಂದು ಪದಾರ್ಥ, ವಾಲ್ನಟ್ ಹಾಕಿದ ಸೊಪ್ಪು, ಬಿಸಿ ಚೀಸ್ ಬಾಯಲ್ಲಿ ಉಳಿದಿವೆ. ಒಂದೊಂದೇ ತಟ್ಟೆ ಬರುತ್ತಿತ್ತು, ನಡುವೆ ಬೇಕಾದಷ್ಟು ಹೊತ್ತು. ಮನೆಯಲ್ಲಿ ನಾನು ಬಡಿಸುತ್ತೇನೆ, ಅವರು ಉಣ್ಣುತ್ತಾರೆ, ಆಮೇಲೆ ನಾನು ಉಣ್ಣುತ್ತೇನೆ. ಇಬ್ಬರೂ ಎದುರು ಬದುರು ಕೂತು, ಯಾರೂ ಎದ್ದು ಹೋಗದೆ, ಒಂದೂವರೆ ಗಂಟೆ ಮಾತಾಡಿದ್ದು ಎಷ್ಟು ಕಾಲದ ಮೇಲೋ. ಮಗಳ ಕೆಲಸ, ಮಾನ್ವಿ ಹೊಲದ ತಕರಾರು, ನಮ್ಮ ಮದುವೆಯಲ್ಲಿ ಜನರೇಟರ್ ಕೆಟ್ಟು ಗ್ಯಾಸ್ ಲೈಟಿನಲ್ಲಿ ಊಟ ಹಾಕಿದ್ದು, ಎಲ್ಲಾ ಬಂತು.

ಪಕ್ಕದ ಟೇಬಲ್ಲಿನಲ್ಲಿ ಒಂದು ದೊಡ್ಡ ಕುಟುಂಬ. ಅವರಲ್ಲಿ ತಮಾದಾ ಅಂತ ಒಬ್ಬ ಹಿರಿಯ ಇರುತ್ತಾನೆ, ಅವನು ಎದ್ದು ಮಾತಾಡಿ ಮುಗಿಸುವ ತನಕ ಯಾರೂ ಗ್ಲಾಸ್ ತುಟಿಗೆ ಇಡೋದಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಮೈಕ್ ಬಿಡದ ಮಾವಂದಿರಿಗೆ ಹೇಳಿ ಮಾಡಿಸಿದ ಕೆಲಸ.

ಬಿಲ್ಲಿನ ಬಗ್ಗೆ ಒಂದು ಮಾತು. ಲಾರಿ ಅಂದರೆ ಅಲ್ಲಿನ ದುಡ್ಡು, ನಾವು ಹೋದಾಗ ಒಂದು ಲಾರಿಗೆ ಹೆಚ್ಚು ಕಡಿಮೆ 30ರಿಂದ 33 ರೂಪಾಯಿ ಇತ್ತು. ಟಿಬಿಲಿಸಿಯ ಬಹಳಷ್ಟು ರೆಸ್ಟೋರೆಂಟ್‌ಗಳು ಮೆನುವಿನ ಬೆಲೆಯ ಮೇಲೆ ಸರ್ವಿಸ್ ಚಾರ್ಜ್ ಸೇರಿಸುತ್ತವೆ, 10ರಿಂದ 18 ಪರ್ಸೆಂಟ್ ತನಕ. ಮೆನುವಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ನೋಡಿಕೊಂಡು ಆರ್ಡರ್ ಮಾಡಿ. ಜಾರ್ಜಿಯಾದಲ್ಲಿ ಇದು ದುಬಾರಿ ಊಟ, ಸಾದಾ ಹೋಟೆಲ್ಲಿನಲ್ಲಿ ಲೋಬಿಯೊ, ಮ್ಚಾದಿ ತಿಂದರೆ ಇದರ ಕಾಲು ಭಾಗವೂ ಆಗೋದಿಲ್ಲ. ನನಗೆ ಬೇಸರ ಆಗಲಿಲ್ಲ.

ಅಲ್ಲಿಂದ ಬೋಲ್ಟ್ ಟ್ಯಾಕ್ಸಿ ಹಿಡಿದು ಚೊಂಕಾದ್ಜೆ ಬೀದಿಗೆ ಹೋದೆವು. ಮ್ತಾತ್ಸ್‌ಮಿಂದಾ ಗುಡ್ಡ ಹತ್ತುವ ಫ್ಯುನಿಕ್ಯುಲರ್ ರೈಲು ಅಲ್ಲಿಂದ ಹೊರಡುತ್ತದೆ. 1905ರಲ್ಲಿ ಶುರುವಾದದ್ದು. ಹಗ್ಗದಲ್ಲಿ ಎಳೆಯುವ ಗಾಡಿ, ಕಡಿದಾದ ಏರು, ನಮ್ಮನೆಯವರು ಕಂಬಿ ಬಿಗಿಯಾಗಿ ಹಿಡಿದಿದ್ದರು. ಟಿಕೆಟ್ ಬದಲು ಕಾರ್ಡ್ ತಗೊಂಡು ದುಡ್ಡು ಹಾಕಿಸಬೇಕು, ಒಂದೇ ಕಾರ್ಡ್ ಎಲ್ಲರಿಗೂ ಆಗುತ್ತದೆ. ಮೇಲೆ ಗಾಳಿ ಜೋರು, ಮೇ ತಿಂಗಳಾದರೂ ಶಾಲು ಬೇಕೇ ಬೇಕು. ಅಷ್ಟೊತ್ತಿಗೆ ಸರಿಯಾಗಿ ಕತ್ತಲಾಗುತ್ತಿತ್ತು. ನದಿ, ಸೇತುವೆಗಳು, ಆ ದಿನ ಮೋಸ ಮಾಡಿದ ರೆಸ್ಟೋರೆಂಟಿನ ಬೀದಿ ಸಮೇತ ಇಡೀ ಊರು ಕೆಳಗಿತ್ತು. ಇದೇ ನೋಟಕ್ಕೆ ಬಾಲ್ಕನಿ ರೆಸ್ಟೋರೆಂಟ್‌ಗಳು ಎಷ್ಟು ಕೇಳುತ್ತವೆ ಅಂತ ಲೆಕ್ಕ ಹಾಕಿ ನಾನು ಖುಷಿಪಟ್ಟೆ.

ಗುಡ್ಡದ ಮೇಲೆ ಪೊಂಚಿಕಿ ಪ್ರಸಿದ್ಧ. ಒಳಗೆ ಕ್ರೀಮ್ ತುಂಬಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ಬಿಸಿ ಡೋನಟ್. ಹೇಳಿದ ಹಾಗೆ ಹುಡುಗ ಬಂದಿದ್ದ, ಬಂದವನು ಮೊದಲು ಪೊಂಚಿಕಿ ಕ್ಯೂನಲ್ಲಿ ನಿಂತ, ಆಮೇಲೆ ನಮಗೆ ವಿಶ್ ಮಾಡಿದ. ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿದ. ಊರಲ್ಲಿ ಆಗಲೇ ರಾತ್ರಿ ಹನ್ನೊಂದಾಗಿತ್ತು, ಅವಳು ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಬೀಸಣಿಗೆ ಬೀಸುತ್ತಿದ್ದಳು. ನಮ್ಮನೆಯವರು ದೀಪಗಳನ್ನೆಲ್ಲ ತೋರಿಸಿ, ಬದನೆಕಾಯಿ, ಅಣಬೆ, ಚೆಂಡು ಹೂವಿನ ಪುಡಿ ಅಂತ ಊಟದ ಪಟ್ಟಿ ಒಪ್ಪಿಸಿದರು. ಎಲ್ಲಾ ಕೇಳಿಸಿಕೊಂಡು ಅಕ್ಕ ಅಂದಳು, "ಅದೆಲ್ಲಾ ಸರಿ, ಅನ್ನ ಉಂಡ್ರೋ ಇಲ್ಲೋ?"

ಇಲ್ಲ ಅಂದರು. ಬಿಲ್ ಎಷ್ಟಾಯಿತು ಅಂತ ಕೇಳಿದಳು. ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನ್ ಹುಡುಗನ ಕೈಗೆ ಕೊಟ್ಟುಬಿಟ್ಟರು.