ಲೈವ್‌ಪ್ಯಾಚ್ ಆನ್ ಇತ್ತು, ಕರ್ನಲ್ ಮಾತ್ರ ಬೇರೆ ಇತ್ತು

ದಾವಣಗೆರೆಯಲ್ಲಿ ನಮ್ಮ ಅಣ್ಣನದೊಂದು ಪ್ರಿಂಟಿಂಗ್ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಅಂಗಡಿಯ ಮೂಲೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್, ಅದಕ್ಕೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿ ಫೈಲ್ ಸರ್ವರ್ ಮಾಡಿಕೊಟ್ಟವನು ನಾನೇ. ಡಿಸೈನ್ ಫೈಲುಗಳೆಲ್ಲ ಅದರಲ್ಲೇ ಇರುತ್ತವೆ. ಅದನ್ನು ರೀಸ್ಟಾರ್ಟ್ ಮಾಡೋಣ ಅಂದರೆ ಅಣ್ಣನಿಗೆ ಎಲ್ಲಿಲ್ಲದ ಸಿಟ್ಟು. 'ಓಡ್ತಾ ಇರೋದನ್ನ ಯಾಕೋ ಮುಟ್ತೀಯ' ಅನ್ನುತ್ತಾನೆ. ಅದಕ್ಕೇ ಉಬುಂಟುವಿನ ಲೈವ್‌ಪ್ಯಾಚ್ ಅನ್ನೋ ಸೇವೆ ಹಾಕಿದ್ದೆ. ರೀಸ್ಟಾರ್ಟ್ ಇಲ್ಲದೆ ಕರ್ನಲ್‌ನ, ಅಂದರೆ ಇಡೀ ಸಿಸ್ಟಮ್ ನಡೆಸುವ ಮೂಲ ಪ್ರೋಗ್ರಾಮಿನ, ದೊಡ್ಡ ತೂತುಗಳನ್ನು ಮುಚ್ಚುತ್ತದೆ, ಅಣ್ಣನೂ ಖುಷಿ ನಾನೂ ಖುಷಿ ಅಂತ.

2021ರ ಜುಲೈನಲ್ಲಿ ಸಿಕ್ವೋಯ ಅನ್ನೋ ಕರ್ನಲ್ ದೋಷದ ಸುದ್ದಿ ಬಂತು. ಕ್ವಾಲಿಸ್ ಅನ್ನೋ ಭದ್ರತಾ ಕಂಪನಿಯವರು ಕಂಡುಹಿಡಿದದ್ದು, ಸಾಮಾನ್ಯ ಯೂಸರ್ ಒಬ್ಬ ರೂಟ್, ಅಂದರೆ ಯಂತ್ರದ ಪೂರ್ತಿ ಯಜಮಾನ, ಆಗಿಬಿಡಬಹುದಾದ ದೋಷ. ನಮ್ಮದೇನು, ಲೈವ್‌ಪ್ಯಾಚ್ ಇದೆಯಲ್ಲ ಅಂತ ಕಾಲು ಚಾಚಿ ಕೂತಿದ್ದೆ. ಆದರೂ ಸುಮ್ನೆ ಒಮ್ಮೆ ನೋಡೋಣ ಅಂತ ಮನೆಯಿಂದಲೇ ಲಾಗಿನ್ ಆಗಿ ಸ್ಟೇಟಸ್ ಕೇಳಿದೆ. ಈಗ ಓಡುತ್ತಿರುವ ಕರ್ನಲ್ ಲೈವ್‌ಪ್ಯಾಚ್‌ಗೆ ಅರ್ಹವಲ್ಲ ಎಂಬರ್ಥದ ಒಂದು ಸಾಲು ಬಂತು.

ಅರ್ಹವಲ್ಲವಾ? ನಾನೇ ಹಾಕಿದ್ದಲ್ವಾ ಇದನ್ನ!

ಓಡುತ್ತಿರುವ ಕರ್ನಲ್‌ನ ನಂಬರ್ ಹೇಳುವ ಯೂನೇಮ್ ಕಮಾಂಡ್ ಕೊಟ್ಟು ನೋಡಿದರೆ ಕರ್ನಲ್ 5.8. ನಾನು ಲೈವ್‌ಪ್ಯಾಚ್ ಆನ್ ಮಾಡಿದಾಗ ಇದ್ದದ್ದು 5.4. ಮಧ್ಯೆ ಏನಾಯಿತು ಅಂತ ಲಾಗ್ ಹಿಡಿದು ಹಿಂದಕ್ಕೆ ಹೋದೆ. ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿದೆ, ಯುಪಿಎಸ್ ಬ್ಯಾಟರಿ ಕೈಕೊಟ್ಟಿದೆ, ಯಂತ್ರ ಆಫ್ ಆಗಿದೆ. ಯಾರೋ ಬಟನ್ ಒತ್ತಿ ಮತ್ತೆ ಆನ್ ಮಾಡಿದ್ದಾರೆ. ಅಷ್ಟೊತ್ತಿಗಾಗಲೇ ಹೊಸ ಕರ್ನಲ್ ತಾನಾಗಿ ಇನ್‌ಸ್ಟಾಲ್ ಆಗಿ ಡಿಸ್ಕಿನಲ್ಲಿ ಕಾಯುತ್ತಾ ಕೂತಿತ್ತು. ಯಂತ್ರ ಆನ್ ಆದಾಗ ಕರ್ನಲ್ ಎಬ್ಬಿಸುವ ಗ್ರಬ್‌ಗೆ ಗೊತ್ತಿರೋದು ಒಂದೇ, ಯಾವ ನಂಬರ್ ದೊಡ್ಡದೋ ಅದನ್ನು ಎಬ್ಬಿಸುವುದು. 5.8 ಎದ್ದಿತು. ಅಲ್ಲಿಂದ ನಾಲ್ಕು ತಿಂಗಳು ಲೈವ್‌ಪ್ಯಾಚ್ ಸೇವೆ ಓಡುತ್ತಲೇ ಇತ್ತು, ಒಂದೂ ಪ್ಯಾಚ್ ಹಾಕದೆ.

ತಪ್ಪು ಪೂರ್ತಿ ನನ್ನದೇ. ಉಬುಂಟು 20.04 ಹಾಕುವಾಗ ಸರ್ವರ್ ಆವೃತ್ತಿ ಬಿಟ್ಟು ಡೆಸ್ಕ್‌ಟಾಪ್ ಆವೃತ್ತಿ ಹಾಕಿದ್ದೆ. 20.04ರಂಥ ಎಲ್‌ಟಿಎಸ್ ಉಬುಂಟುವಿಗೆ, ಅಂದರೆ ಹಲವು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿಗೆ, ಎರಡು ಸಾಲಿನ ಕರ್ನಲ್‌ಗಳಿರುತ್ತವೆ. ಒಂದು ಬಿಡುಗಡೆಯ ದಿನ ಬಂದದ್ದು, ಜಿಎ ಅನ್ನುತ್ತಾರೆ. 20.04ಕ್ಕೆ ಅದು 5.4, ಕೊನೆವರೆಗೂ ಅದೇ ಸಾಲು. ಇನ್ನೊಂದು ಹೆಚ್‌ಡಬ್ಲ್ಯೂಇ. ಹೊಸ ಲ್ಯಾಪ್‌ಟಾಪು, ಹೊಸ ವೈಫೈ ಕಾರ್ಡುಗಳು ನಡೆಯಲಿ ಅಂತ ಆಗಾಗ ಮುಂದಿನ ಕರ್ನಲ್‌ಗೆ ಜಿಗಿಯುತ್ತಾ ಹೋಗುವುದು: 5.8, 5.11, 5.13, ಕೊನೆಗೆ 5.15. ಸರ್ವರ್ ಹಾಕಿದರೆ ಸಾಮಾನ್ಯವಾಗಿ ಮೊದಲನೆಯದು ಸಿಗುತ್ತದೆ, ಡೆಸ್ಕ್‌ಟಾಪ್ ಹಾಕಿದರೆ ಎರಡನೆಯದು. ಆಗ ಲೈವ್‌ಪ್ಯಾಚ್ ಈ ಮಧ್ಯದ ಜಿಗಿತಗಳಿಗೆ ಸಿಗುತ್ತಿರಲಿಲ್ಲ. ಆಮೇಲೆ 22.04ರ ಕಾಲಕ್ಕೆ ಹೆಚ್‌ಡಬ್ಲ್ಯೂಇ ಕರ್ನಲ್‌ಗಳಿಗೂ ಬಂತು, ಅದು ಬೇರೆ ಮಾತು.

ಕರ್ನಲ್ ಸ್ವಲ್ಪ ಬೇರೆಯಾದರೆ ಪ್ಯಾಚ್ ಯಾಕೆ ಕೂರುವುದಿಲ್ಲ? ಇದು ನನಗೆ ಮೊದಲು ಸುಮ್ನೆ ಕಂಪನಿಯ ಕಟ್ಟುಪಾಡು ಅನ್ನಿಸಿತ್ತು. ಹಾಗಲ್ಲ.

ಲೈವ್‌ಪ್ಯಾಚ್ ಕೆಲಸ ಮಾಡುವ ರೀತಿ ಮಜವಾಗಿದೆ. ಕರ್ನಲ್ ಕಂಪೈಲ್ ಆಗುವಾಗ, ಅಂದರೆ ಬರೆದ ಕೋಡು ಯಂತ್ರದ ಭಾಷೆಗೆ ಬದಲಾಗುವಾಗ, ಹೆಚ್ಚುಕಡಿಮೆ ಪ್ರತಿ ಫಂಕ್ಷನ್ನಿನ (ಒಂದೊಂದು ಕೆಲಸ ಮಾಡುವ ಕೋಡಿನ ತುಂಡಿನ) ಬಾಗಿಲಲ್ಲೂ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಇಂಟೆಲ್, ಎಎಂಡಿ 64 ಬಿಟ್ ಯಂತ್ರಗಳಲ್ಲಿ 5 ಬೈಟು. ಯಾವ ಫಂಕ್ಷನ್ ಯಾವಾಗ ಓಡಿತು ಅಂತ ಗಮನಿಸುವ ಎಫ್‌ಟ್ರೇಸ್ ಅನ್ನೋ ಸಾಧನಕ್ಕೆ ಅಂತ ಇಟ್ಟ ಜಾಗ ಅದು. ಪ್ಯಾಚ್ ಅನ್ನೋದು ಒಂದು ಕರ್ನಲ್ ಮಾಡ್ಯೂಲ್, ಓಡುತ್ತಿರುವ ಕರ್ನಲ್‌ಗೆ ಸೇರಿಸಬಹುದಾದ ತುಂಡು. ಸರಿಮಾಡಿದ ಹೊಸ ಫಂಕ್ಷನ್ ಅದರೊಳಗೆ ಇರುತ್ತದೆ. ಮಾಡ್ಯೂಲ್ ಲೋಡ್ ಆದಮೇಲೆ ಹಳೇ ಫಂಕ್ಷನ್ನಿನ ಆ 5 ಬೈಟಿನ ಜಾಗದಲ್ಲಿ ಒಂದು ಬೋರ್ಡು ಬೀಳುತ್ತದೆ, 'ಅಂಗಡಿ ಪಕ್ಕದ ಬೀದಿಗೆ ಸ್ಥಳಾಂತರವಾಗಿದೆ' ಅಂತ. ಹಳೇ ಅಂಗಡಿಯನ್ನು ಯಾರೂ ಕೆಡವುವುದಿಲ್ಲ. ಬಂದ ಗಿರಾಕಿ ಬೋರ್ಡು ನೋಡಿ ಹೊಸ ಕಡೆಗೆ ಹೋಗುತ್ತಾನೆ. ಒಳಗೆ ಆಗಲೇ ವ್ಯಾಪಾರ ಮಾಡುತ್ತಿರುವವನನ್ನು ಎಳೆದು ಹೊರಗೆ ಹಾಕುವುದೂ ಇಲ್ಲ. ಒಂದೊಂದು ಪ್ರೊಸೆಸ್ಸಿನ ಸ್ಟ್ಯಾಕ್, ಅಂದರೆ ಅದು ಯಾವ ಯಾವ ಫಂಕ್ಷನ್ನಿನೊಳಗಿದೆ ಅನ್ನೋ ಪಟ್ಟಿ, ನೋಡಿ, ಅದು ಹಳೇ ಫಂಕ್ಷನ್ನಿನ ಒಳಗಿಲ್ಲ ಅಂತ ಖಾತ್ರಿಯಾದ ಮೇಲೆ ಹೊಸದಕ್ಕೆ ದಾಟಿಸುತ್ತದೆ. ಈ ಪದ್ಧತಿ ಲಿನಕ್ಸ್ 4.12ಕ್ಕೆ, 2017ರಲ್ಲಿ ಬಂತು.

ಈಗ ಯೋಚಿಸಿ. ಬೋರ್ಡು ಯಾವ ಬಾಗಿಲಿಗೆ ಹಾಕಬೇಕು ಅನ್ನೋದು ಆ ಬೀದಿಯ ನಕ್ಷೆ ಇದ್ದವನಿಗೇ ಗೊತ್ತು. ಕಂಪೈಲರ್ ಒಂದು ಬಿಲ್ಡಿನಲ್ಲಿ (ಒಂದು ಸಲ ಕಂಪೈಲ್ ಮಾಡಿ ತಯಾರಾದ ಕರ್ನಲ್‌ನಲ್ಲಿ) ಸಣ್ಣ ಫಂಕ್ಷನ್ ಒಂದನ್ನು ಹಾಗೇ ಬಿಟ್ಟಿರುತ್ತದೆ, ಇನ್ನೊಂದು ಬಿಲ್ಡಿನಲ್ಲಿ ಅದನ್ನು ಕರೆಯುವವರ ಹೊಟ್ಟೆಯೊಳಗೇ ಸೇರಿಸಿಬಿಟ್ಟಿರುತ್ತದೆ. ಸೇರಿಸಿದ್ದರೆ ಅದಕ್ಕೆ ಬಾಗಿಲೇ ಇಲ್ಲ, ಕರೆಯುವವರನ್ನೆಲ್ಲ ಬದಲಿಸಬೇಕು. ಹಾಗಾಗಿ ಪ್ರತಿ ಬಿಲ್ಡಿಗೂ ಬೇರೆ ಬೇರೆ ಪ್ಯಾಚ್ ತಯಾರಿಸಿ ಪರೀಕ್ಷೆ ಮಾಡಬೇಕು. ನೀವೇ ಮನೆಯಲ್ಲಿ ಕಂಪೈಲ್ ಮಾಡಿಕೊಂಡ ಕರ್ನಲ್‌ಗೋ, ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಮೇನ್‌ಲೈನ್ (ಉಬುಂಟುವಿನವರ ಬದಲಾವಣೆಗಳಿಲ್ಲದ ಮೂಲ ಲಿನಕ್ಸ್) ಕರ್ನಲ್‌ಗೋ ಈ ಸೇವೆಯಿಂದ ಏನೂ ಸಿಗಲ್ಲ. ನಿಮ್ಮ ಬೀದಿಯ ನಕ್ಷೆ ಅವರ ಹತ್ತಿರ ಇಲ್ಲ.

ಎಲ್ಲ ದೋಷವೂ ಹೀಗೆ ಸರಿಹೋಗುವುದಿಲ್ಲ ಅನ್ನೋದು ಇನ್ನೊಂದು. 2016ರ ಅಕ್ಟೋಬರ್‌ನಲ್ಲಿ ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿ ಈ ಸೇವೆ ಶುರುಮಾಡಿದ ಬೆನ್ನಲ್ಲೇ ಡರ್ಟಿ ಕೌ ಬಯಲಾಯಿತು. 2007ರಿಂದ ಕರ್ನಲ್‌ನಲ್ಲಿ ಅಡಗಿದ್ದ ದೋಷ ಅದು, ಲೈವ್‌ಪ್ಯಾಚ್‌ನಿಂದಲೇ ಮುಚ್ಚಲು ಬಂತು. ಆದರೆ 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಅನ್ನೋ ಪ್ರೊಸೆಸರ್ ದೋಷ ಬಂದಾಗ ಲೈವ್‌ಪ್ಯಾಚ್ ಇದ್ದವರೂ ರೀಸ್ಟಾರ್ಟ್ ಮಾಡಲೇಬೇಕಾಯಿತು. ಮೆಮೊರಿಯ ಲೆಕ್ಕ ಇಡುವ ಪೇಜ್ ಟೇಬಲ್‌ಗಳ ಅಡಿಪಾಯವನ್ನೇ ಬದಲಿಸುವ ಕೆಲಸ, ಅದಕ್ಕೆ ಬೋರ್ಡು ಹಾಕಿದರೆ ಸಾಕಾಗುತ್ತಾ?

ಇನ್ನು ಅಂಗಡಿಯ ಯಂತ್ರ. 5.4ಕ್ಕೆ ವಾಪಸ್ ಹೋಗಬೇಕಿತ್ತು. ನೆಟ್‌ವರ್ಕ್ ವೈರಿನಲ್ಲಿತ್ತು, ಹಾರ್ಡ್‌ವೇರ್ ಹಳೆಯದು, ಹಾಗಾಗಿ ಹೊಸ ಕರ್ನಲ್ ಬೇಕಾಗಿರಲೇ ಇಲ್ಲ. ಭಾನುವಾರ ಬೆಳಿಗ್ಗೆ ಅಂಗಡಿ ಬೀಗ ತೆಗೆಸಿಕೊಂಡು ಹೋದೆ. ಮೊದಲು ಜಿಎ ಸಾಲಿನ ಮೆಟಾ ಪ್ಯಾಕೇಜ್ (ಯಾವ ಸಾಲಿನ ಕರ್ನಲ್ ಬರುತ್ತಿರಬೇಕು ಅಂತ ಹೇಳುವ ಪ್ಯಾಕೇಜ್) ಹಾಕಿದೆ, ಹೆಚ್‌ಡಬ್ಲ್ಯೂಇ ಪ್ಯಾಕೇಜ್ ತೆಗೆದೆ. ಇಷ್ಟಕ್ಕೇ ರೀಸ್ಟಾರ್ಟ್ ಮಾಡಿದೆ, ಮತ್ತೆ 5.8 ಎದ್ದಿತು! ಮೆಟಾ ಪ್ಯಾಕೇಜ್ ತೆಗೆದರೂ ಕರ್ನಲ್ ಡಿಸ್ಕಿನಲ್ಲಿ ಹಾಗೇ ಇರುತ್ತದೆ, ಗ್ರಬ್‌ನ ದೊಡ್ಡ ನಂಬರ್ ಮೋಹ ಬಿಡುತ್ತಾ? ಎರಡನೇ ಸಲ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಗೆ ಹೋಗಿ ಕೈಯಾರೆ 5.4 ಆರಿಸಿದೆ. ಅದು ಎದ್ದ ಮೇಲೆ 5.8ರ ಇಮೇಜುಗಳನ್ನು ಪೂರ್ತಿ ತೆಗೆದೆ. ಮತ್ತೊಮ್ಮೆ ಸ್ಟೇಟಸ್ ಕೇಳಿದೆ. ಈ ಸಲ ತಕರಾರಿಲ್ಲ.

ಒಂದು ಗೊಂದಲ ಮಾತ್ರ ಹೇಳಿಬಿಡುತ್ತೇನೆ, ನನ್ನ ಗೆಳೆಯರಲ್ಲೇ ಇಬ್ಬರು ಇದರಲ್ಲಿ ಬಿದ್ದರು. ಲೈವ್‌ಪ್ಯಾಚ್ ಬಿದ್ದ ಮೇಲೂ ಯೂನೇಮ್ ಹಳೇ ನಂಬರನ್ನೇ ತೋರಿಸುತ್ತದೆ. ಪ್ಯಾಚ್ ಇರೋದು ಮೆಮೊರಿಯಲ್ಲಿ, ಡಿಸ್ಕಿನ ಕರ್ನಲ್ ಬದಲಾಗಿರುವುದಿಲ್ಲ. ಪ್ಯಾಚ್ ಬಿತ್ತಾ ಅಂತ ನೋಡಬೇಕಾದರೆ ಲೈವ್‌ಪ್ಯಾಚ್‌ನ ಸ್ಟೇಟಸ್ ಕೇಳಬೇಕು. ಹಾಗೇ, ಒಂದೇ ಕರ್ನಲ್ ಬಿಲ್ಡಿಗೆ ವರ್ಷಗಟ್ಟಲೆ ಪ್ಯಾಚ್ ಬರುತ್ತಲೇ ಇರಲ್ಲ. ಯಾವಾಗಲೋ ಒಮ್ಮೆ ಹೊಸ ಕರ್ನಲ್‌ಗೆ ರೀಸ್ಟಾರ್ಟ್ ಆಗಲೇಬೇಕು.

ಅದಕ್ಕೆ ಅಣ್ಣನ ಹತ್ತಿರ ಒಂದು ಒಪ್ಪಂದ ಆಗಿದೆ. ಆಯುಧಪೂಜೆ ದಿನ ಪ್ರಿಂಟಿಂಗ್ ಮಷೀನಿನ ಜೊತೆ ಇದನ್ನೂ ಆಫ್ ಮಾಡಿ, ಧೂಳು ಒರೆಸಿ, ಕುಂಕುಮ ಹಚ್ಚಿ, ಹೂವು ಇಡುತ್ತಾರೆ. ಆವತ್ತು ಮಾತ್ರ ರೀಸ್ಟಾರ್ಟ್‌ಗೆ ಅವನ ತಕರಾರಿಲ್ಲ. ಹಿಂದಿನ ರಾತ್ರಿಯೇ ನಾನು ಅಪ್‌ಡೇಟ್ ಮುಗಿಸಿಡುತ್ತೇನೆ, ಮಂಗಳಾರತಿ ಆದಮೇಲೆ ಅವನು ಬಟನ್ ಒತ್ತುತ್ತಾನೆ, ನಾನು ಪಕ್ಕದಲ್ಲೇ ನಿಂತು ಯಾವ ನಂಬರ್ ಎದ್ದಿತು ಅಂತ ನೋಡುತ್ತೇನೆ.