ಪೂಣಚ್ಚನವರ ಹಾದಿ, ನಮ್ಮ ಕೊನೆಯ ಬಸ್ಸು

ಹಳಿಯೇ ಇಲ್ಲದ ಕೊಡಗಿನಿಂದ ಹೋದ ಚೆಪ್ಪುಡಿರ ಎಂ. ಪೂಣಚ್ಚನವರು 1967ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಯಾದರು ಎಂಬುದನ್ನು ನಮ್ಮಲ್ಲಿ ಇಂದಿಗೂ ಸೋಜಿಗದಿಂದ ಹೇಳುತ್ತಾರೆ. ಮುಂದೆ ಅವರು ಮಧ್ಯಪ್ರದೇಶ ಮತ್ತು ಒಡಿಶಾಗಳ ರಾಜ್ಯಪಾಲರೂ ಆದರು. ನನಗೆ ಮಾತ್ರ ಈ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1952ರಿಂದ 1956ರವರೆಗೆ ಅವರು ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕಾಲ. ಇಪ್ಪತ್ನಾಲ್ಕು ಸದಸ್ಯರ ವಿಧಾನಸಭೆ, ಇಬ್ಬರೇ ಮಂತ್ರಿಗಳ ಸಂಪುಟ. ಊರಿನ ಸೇತುವೆಗಾಗಿ ಅಹವಾಲು ಹೊತ್ತು ಹೊರಟವರಿಗೆ ತೀರ್ಮಾನ ಮಾಡುವವರು ಮಡಿಕೇರಿಯಲ್ಲೇ ಸಿಗುತ್ತಿದ್ದರು.

ಮೈಸೂರು ರಾಜ್ಯದೊಂದಿಗೆ ವಿಲೀನವಾಗಬೇಕೆಂದು ನಿಂತವರಲ್ಲಿ ಪೂಣಚ್ಚನವರೇ ಮುಂದಾಳು. ಆ ನಿಲುವು ಸರಿಯೆಂದೇ ನಾನು ನಂಬಿದ್ದೇನೆ. ಆದರೆ ವಿಲೀನದ ನಂತರ ನಮ್ಮ ಸಾರಿಗೆಯ ಲೆಕ್ಕಾಚಾರ ಹಲವು ಕಡೆಗೆ ಹಂಚಿಹೋಯಿತು. ಪೂಣಚ್ಚನವರು ಲೋಕಸಭೆಗೆ ಆರಿಸಿಬಂದದ್ದು ಕೊಡಗನ್ನೂ ಒಳಗೊಂಡಿದ್ದ ಮಂಗಳೂರು ಕ್ಷೇತ್ರದಿಂದ. 2008ರ ಮರುವಿಂಗಡಣೆಯಲ್ಲಿ ಜಿಲ್ಲೆ ಮೈಸೂರು ಕ್ಷೇತ್ರಕ್ಕೆ ಸೇರಿತು. ಕಂದಾಯದ ವಿಭಾಗವೂ ಮೈಸೂರೇ. ಕೆಎಸ್‌ಆರ್‌ಟಿಸಿಯ ಮಡಿಕೇರಿ ಘಟಕ ಮಾತ್ರ ಪುತ್ತೂರು ವಿಭಾಗದ್ದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ವಾರಗಟ್ಟಲೆ ಮುಚ್ಚಿದಾಗ, ಘಟಕ ಘಟ್ಟದ ಮೇಲೆ, ಅದರ ವಿಭಾಗೀಯ ಕಚೇರಿ ಘಟ್ಟದ ಕೆಳಗೆ ಎಂಬಂತಾಯಿತು.

ಬೆಂಗಳೂರಿನಲ್ಲಿ ಕುಳಿತ ಸಾರಿಗೆ ಮುಖ್ಯಸ್ಥರು ಎಷ್ಟೇ ಸಮರ್ಥರಾಗಿದ್ದರೂ ಜನಸಂಖ್ಯೆಯ ಪಟ್ಟಿ ನೋಡಿ ಕೊಡಗಿಗೆ ಬಸ್ಸು ಹಾಕಲಾರರು. ಇಲ್ಲಿ ಮನೆಗಳು ಒತ್ತಾಗಿಲ್ಲ. ಗದ್ದೆಯ ದಡದಲ್ಲಿ ಕೊಡವ ಮನೆತನದ ಮೂಲಮನೆಯಾದ ಒಂಟಿ ಐನ್‌ಮನೆ, ತೋಟದೊಳಗೆ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್‌ಮನೆಗಳು, ನಿಲ್ದಾಣವೆಂದರೆ ಬಹುಪಾಲು ತೋಟದ ಗೇಟು. ಮಡಿಕೇರಿಯ ಶುಕ್ರವಾರದ ಸಂತೆಯಿಂದ ಅಕ್ಕಿ, ಒಣಮೀನು, ತರಕಾರಿಯ ಚೀಲಗಳೊಂದಿಗೆ ಹೊರಡುವ ತೋಟದ ಕೆಲಸದ ಹೆಂಗಸರಿಗೆ ಸಂಜೆಯ ಬಸ್ಸು ತಪ್ಪಿದರೆ ಉಳಿಯುವುದು ಬಾಡಿಗೆ ಆಟೋ ಒಂದೇ, ಅದಕ್ಕೆ ತೆರುವುದು ದಿನಗೂಲಿಯ ಒಂದು ಪಾಲು. 2023ರ ಜೂನ್‌ನಲ್ಲಿ ಬಂದ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ದೊಡ್ಡ ಉಪಕಾರವೇ ಹೌದು, ಆದರೆ ಖಾಸಗಿ ಬಸ್ಸುಗಳೇ ಓಡುವ ದಾರಿಗಳಲ್ಲಿ ಅದು ಅವರ ಕೈಗೆಟುಕುವುದಿಲ್ಲ.

ಇದನ್ನೆಲ್ಲ ಒಂದೆಡೆ ಇಟ್ಟು ನೋಡುವ ಏರ್ಪಾಡು ನಮ್ಮ ಸಂವಿಧಾನದಲ್ಲೇ ಇದೆ. 1992ರ 74ನೇ ತಿದ್ದುಪಡಿಯಿಂದ ಬಂದ ಜಿಲ್ಲಾ ಯೋಜನಾ ಸಮಿತಿ ಪಂಚಾಯಿತಿಗಳ ಮತ್ತು ಪಟ್ಟಣಗಳ ಯೋಜನೆಗಳನ್ನು ಕ್ರೋಡೀಕರಿಸಿ ಇಡೀ ಜಿಲ್ಲೆಗೆ ಒಂದು ಕರಡು ಯೋಜನೆ ರೂಪಿಸಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರೇ ಆಗಿರಬೇಕು. ಯಾವ ತಿರುವಿನಲ್ಲಿ ಮಣ್ಣು ಸಡಿಲವಾಗಿದೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾವ ದಾರಿಯಲ್ಲಿ ಜನ ಹೆಚ್ಚು, ಭಾಗಮಂಡಲದ ಕಡೆ ನೀರೇರಿದಾಗ ಮಕ್ಕಳು ಶಾಲೆಗೆ ಯಾವ ದಾರಿ ಹಿಡಿಯುತ್ತಾರೆ ಎಂಬುದು ಪಂಚಾಯಿತಿಯ ಸದಸ್ಯರಿಗೆ ಗೊತ್ತು. ಸಾರಿಗೆಯ ಅಧಿಕಾರಿಗಳಿಗೆ ಬಸ್ಸು, ಚಾಲಕರು, ಡೀಸೆಲಿನ ಖರ್ಚು ಗೊತ್ತು. ಸಾರಿಗೆಯ ನಾಯಕರೊಬ್ಬರ ಸೇವೆಯನ್ನು ಅವರು ಕೊಂಡ ಬಸ್ಸುಗಳ ಸಂಖ್ಯೆಗಿಂತ ಈ ಎರಡು ತಿಳಿವಳಿಕೆಗಳನ್ನು ಒಂದೇ ಮೇಜಿಗೆ ತಂದರೇ ಎಂಬುದರಿಂದ ನಾನು ಅಳೆಯುತ್ತೇನೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ವಿಭಾಗೀಯ ನಿಯಂತ್ರಣಾಧಿಕಾರಿಗಳು ಮಡಿಕೇರಿಗೆ ಬಂದು ಸಮಿತಿಯೊಂದಿಗೆ ಕುಳಿತು ಮಳೆಗಾಲದ ವೇಳಾಪಟ್ಟಿಯನ್ನು ಬರೆಯಬೇಕು. ಸಂತೆಯ ದಿನದ ಕೊನೆಯ ಬಸ್ಸಿನಿಂದಲೇ ಅದನ್ನು ಶುರು ಮಾಡಬಹುದು.